ಸಿನಿಮಾ ಮುಗಿದ ಮೇಲೆ ಆ ಸಿಂಹಗಳು ಎಲ್ಲಿಗೆ ಹೋದವು?

ಕೊಡಗಿನ ಸಿದ್ದಾಪುರದಲ್ಲಿ ಮಕ್ಕಳ ಬೇಸಿಗೆ ಶಿಬಿರದ ಕೊನೆಯ ದಿನ ಸಂಜೆ ಒಂದು ಸಿನಿಮಾ ತೋರಿಸಿ, ಆಮೇಲೆ ಸ್ವಲ್ಪ ಹೊತ್ತು ಮಾತಾಡಿದ್ದೆ. ಅಲ್ಲಿದ್ದ ಕೆಲವರು ಬರೆದುಕೊಡಿ ಅಂತ ಕೇಳಿದರು. ಆಡಿದ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಅವಸರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ.

ಮಕ್ಕಳೇ, ಅಪ್ಪ ಅಮ್ಮಂದಿರೇ, ಎಲ್ಲರಿಗೂ ನಮಸ್ಕಾರ.

ಈಗ ನಾವೆಲ್ಲ ಕೂತು ನೋಡಿದ ಸಿನಿಮಾ ‘ಬಾರ್ನ್ ಫ್ರೀ’. 1966ರಲ್ಲಿ ಬಂದದ್ದು. ಮಾತೆಲ್ಲ ಇಂಗ್ಲಿಷು, ಅದಕ್ಕೆ ನಾನು ಪರದೆ ಪಕ್ಕ ನಿಂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಅರ್ಧ ದಾಟಿದ ಮೇಲೆ ಹೇಳುವುದನ್ನೇ ನಿಲ್ಲಿಸಿಬಿಟ್ಟೆ. ನಿಮಗೆ ನನ್ನ ಮಾತು ಬೇಕಾಗಿರಲಿಲ್ಲ. ಎಲ್ಸಾ ಅನ್ನುವ ಹೆಣ್ಣು ಸಿಂಹ ತನ್ನ ಮೂರು ಮರಿಗಳ ಜೊತೆ ವಾಪಸ್ ಬಂದಾಗ ಇಡೀ ಹಾಲ್ ಚಪ್ಪಾಳೆ ಹೊಡೆಯಿತು. ಹಿಂದಿನ ಸಾಲಿನಲ್ಲಿ ಕೂತ ದೊಡ್ಡವರೂ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ.

ನಾನು ಮನೆಯಿಂದ ಒಂದು ಭಾಷಣ ಬರೆದುಕೊಂಡು ಬಂದಿದ್ದೆ. ಅದು ಚೀಲದಲ್ಲೇ ಇದೆ, ತೆಗೆಯುವುದಿಲ್ಲ. ಯಾಕೆಂದರೆ ಈಗ ಕಾಫಿ ಕುಡಿಯುವಾಗ ಇಬ್ಬರು ಮಕ್ಕಳು ಬಂದು ಒಂದೊಂದು ಪ್ರಶ್ನೆ ಕೇಳಿದರು. ಒಬ್ಬಳು ಹುಡುಗಿ, ಐದನೇ ಕ್ಲಾಸು. ‘ಟೀಚರ್, ಶೂಟಿಂಗ್ ಮುಗಿದ ಮೇಲೆ ಆ ಸಿಂಹಗಳನ್ನ ಎಲ್ಲಿಗೆ ಕಳಿಸಿದ್ರು?’ ಅಂದಳು. ಇನ್ನೊಬ್ಬ ಹುಡುಗ ಅವಳಿಗಿಂತ ಸ್ವಲ್ಪ ದೊಡ್ಡವನು. ಅವನು ಕೇಳಿದ್ದು ಬೇರೆ. ‘ಶುರುವಲ್ಲಿ ಹೊಳೆಯಲ್ಲಿ ಬಟ್ಟೆ ಒಗೀತಿದ್ರಲ್ಲ ಟೀಚರ್, ಅವರ ಹೆಸರೇನು?’

ಮೂವತ್ತಕ್ಕೂ ಜಾಸ್ತಿ ವರ್ಷ ಈ ಕಡೆಯ ಶಾಲೆಗಳಲ್ಲಿ ಪಾಠ ಮಾಡಿದವಳು ನಾನು. ಈ ಸಿನಿಮಾವನ್ನೂ ಎಷ್ಟೋ ಸಲ ನೋಡಿದ್ದೇನೆ. ಹುಡುಗ ಕೇಳಿದ ಪ್ರಶ್ನೆ ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಇವತ್ತು ಈ ಎರಡು ಪ್ರಶ್ನೆಗಳ ಬಗ್ಗೆ ಮಾತ್ರ ಮಾತಾಡುತ್ತೇನೆ.

ಮೊದಲು ಹುಡುಗನ ಪ್ರಶ್ನೆ.

ಸಿನಿಮಾ ಶುರುವಾಗುವುದು ಹೇಗೆ, ನೆನಪು ಮಾಡಿಕೊಳ್ಳಿ. ಕೀನ್ಯಾ ದೇಶದ ಒಂದು ಹೊಳೆ. ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಾಳೆ. ಸಿಂಹ ಬರುತ್ತದೆ. ಅವಳು ಸಾಯುತ್ತಾಳೆ. ಆ ನರಭಕ್ಷಕ ಸಿಂಹವನ್ನು ಕೊಲ್ಲಲು ವಾರ್ಡನ್ ಜಾರ್ಜ್ ಹೋಗುತ್ತಾನೆ. ಅಲ್ಲಿ ಮೈಮೇಲೆ ಬಂದ ಹೆಣ್ಣು ಸಿಂಹವನ್ನೂ ಗುಂಡಿಟ್ಟು ಕೊಲ್ಲಬೇಕಾಗುತ್ತದೆ. ಆಮೇಲೆ ನೋಡಿದರೆ ಅದು ಮರಿ ಹಾಕಿದ ತಾಯಿ. ಮೂರು ಮರಿಗಳು ಸಿಗುತ್ತವೆ. ಅಲ್ಲಿಂದ ನಮ್ಮ ಕಣ್ಣೆಲ್ಲ ಮರಿಗಳ ಮೇಲೆ. ಹೊಳೆ ಹತ್ತಿರ ಸತ್ತವಳು ಯಾರು, ಮನೆಯಲ್ಲಿ ಅವಳಿಗೆ ಮಕ್ಕಳಿದ್ದರಾ, ಆ ಒದ್ದೆ ಬಟ್ಟೆಗಳನ್ನು ಯಾರು ತೆಗೆದುಕೊಂಡು ಹೋದರು, ಸಿನಿಮಾ ಆ ಕಡೆ ಮತ್ತೆ ತಿರುಗಿ ನೋಡುವುದಿಲ್ಲ. ನಾವೂ ನೋಡಲಿಲ್ಲ. ಆ ಹುಡುಗ ಮಾತ್ರ ಒಂದೂವರೆ ಗಂಟೆಯೂ ಅವಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೂತಿದ್ದ.

ಅವನ ಮನೆಯಲ್ಲಿ ಏನಾಗಿದೆ ಅಂತ ಈ ಊರಿನವರಿಗೆ ಗೊತ್ತು. ಅದನ್ನು ನಾನು ಇಲ್ಲಿ ಹೇಳುವುದಿಲ್ಲ. ಸಿದ್ದಾಪುರ, ಮಾಲ್ದಾರೆ, ಚೆನ್ನಯ್ಯನಕೋಟೆ ಕಡೆಯ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಬೆಳಿಗ್ಗೆ ಹೆಂಗಸರು ಕೆಲಸಕ್ಕೆ ಹೊರಡುವ ಹೊತ್ತಿಗೆ ಮನೆಯವರ ಎದೆಯಲ್ಲಿ ಏನಿರುತ್ತದೆ ಅನ್ನುವುದು ನಮಗೆಲ್ಲ ಗೊತ್ತಿದೆ. ಮಂಜು ಇನ್ನೂ ಹರಿದಿರುವುದಿಲ್ಲ. ತೋಟದಲ್ಲಿ ಹತ್ತು ಅಡಿ ಆಚೆ ಕಾಣುವುದಿಲ್ಲ. ಆನೆ ಅಷ್ಟು ದೊಡ್ಡ ಪ್ರಾಣಿ, ಆದರೂ ಕಾಫಿ ಗಿಡಗಳ ನಡುವೆ ಅದು ಸುಮ್ಮನೆ ನಿಂತರೆ ಗೊತ್ತೇ ಆಗುವುದಿಲ್ಲ.

ಆದ್ದರಿಂದ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರಾಣಿಗಳನ್ನು ಪ್ರೀತಿಸಿ ಅಂತ ಹೇಳಲು ನಾನು ಇಲ್ಲಿ ನಿಂತಿಲ್ಲ. ಮನೆಯ ಒಬ್ಬರನ್ನು ಕಳೆದುಕೊಂಡ ಮಗುವಿಗೆ ಆ ಮಾತು ಹೇಳುವ ಹಕ್ಕು ನನಗಿಲ್ಲ. ಯಾರಿಗೂ ಇಲ್ಲ. ಕೀನ್ಯಾದ ಆ ಹೆಂಗಸಿಗೆ ಸಿನಿಮಾದಲ್ಲಿ ಹೆಸರಿಲ್ಲ ಕಣಪ್ಪ. ಇಡಬೇಕಾಗಿತ್ತು. ಅದು ಆ ಸಿನಿಮಾದ ದೊಡ್ಡ ಕೊರತೆ. ಇಷ್ಟು ಒಳ್ಳೆಯ ಸಿನಿಮಾ ಅನ್ನುವುದಕ್ಕೇ ಈ ಕೊರತೆ ಹೇಳಬೇಕು ಅನಿಸುತ್ತದೆ.

ಸಿನಿಮಾ ಒಳ್ಳೆಯದು ಅಂತ ಯಾಕೆ ಅನ್ನುತ್ತೇನೆ? ಅದರ ಕಥೆ ನಿಜವಾಗಿ ನಡೆದದ್ದು. ಜಾರ್ಜ್ ಆಡಮ್ಸನ್ ಅನ್ನುವವರು ನಿಜಕ್ಕೂ ಇದ್ದರು. ಅವರು ಹುಟ್ಟಿದ್ದು ನಮ್ಮ ದೇಶದಲ್ಲೇ, ಉತ್ತರ ಪ್ರದೇಶದ ಇಟಾವಾದಲ್ಲಿ, 1906ರಲ್ಲಿ. ಕೀನ್ಯಾದಲ್ಲಿ ವನ್ಯಜೀವಿ ವಾರ್ಡನ್ ಆಗಿದ್ದರು. 1956ರಲ್ಲಿ ಅವರಿಗೆ ಆ ಮೂರು ಮರಿಗಳು ಸಿಕ್ಕಿದವು. ಅವರ ಹೆಂಡತಿ ಜಾಯ್ ಬಾಟಲಿ ಹಾಲು ಕೊಟ್ಟು ಸಾಕಿದರು. ಎರಡು ಮರಿಗಳನ್ನು ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಮೃಗಾಲಯಕ್ಕೆ ಕಳಿಸಿದರು. ಎಲ್ಲರಿಗಿಂತ ಚಿಕ್ಕದಾಗಿದ್ದ ಎಲ್ಸಾ ಉಳಿದಳು. ಅವಳನ್ನು ಮೃಗಾಲಯಕ್ಕೆ ಕೊಡದೆ ಕಾಡಿಗೇ ಬಿಡಬೇಕು ಅಂತ ಅವರಿಬ್ಬರೂ ಹಟ ಹಿಡಿದರು.

ಕಾಡಿಗೆ ಬಿಡುವುದು ಅಂದರೆ ಬಾಗಿಲು ತೆಗೆದು ಹೋಗು ಅನ್ನುವುದಲ್ಲ ಅಲ್ವಾ? ಬೇಟೆ ಕಲಿಸಬೇಕು. ಮನುಷ್ಯ ಬೆಳೆಸಿದ ಸಿಂಹಕ್ಕೆ ಜಿಂಕೆ ಕಂಡರೂ ಹೇಗೆ ಹಿಡಿಯಬೇಕು ಅಂತ ಗೊತ್ತಿರುವುದಿಲ್ಲ. ಕಾಡಿನ ಬೇರೆ ಸಿಂಹಗಳು ಅದನ್ನು ಸೇರಿಸಿಕೊಳ್ಳುವುದಿಲ್ಲ. ಮೊದಲು ಬಿಟ್ಟ ಜಾಗದಲ್ಲಿ ಎಲ್ಸಾ ಸೊರಗಿ ಕಾಯಿಲೆ ಬಿದ್ದಳು. ಬೇರೆ ಜಾಗ ಹುಡುಕಿದರು. ತಿಂಗಳುಗಟ್ಟಲೆ ಹಿಡಿಯಿತು. ಕೊನೆಗೆ ಅವಳು ತಾನೇ ಬೇಟೆಯಾಡಿ, ಕಾಡಿನ ಗಂಡಿನ ಜೊತೆ ಸೇರಿ, 1959ರ ಡಿಸೆಂಬರಿನಲ್ಲಿ ಮೂರು ಮರಿ ಹಾಕಿದಳು. ಸಿನಿಮಾ ಅಲ್ಲಿಗೆ ನಿಲ್ಲುತ್ತದೆ. ಒಂದು ವರ್ಷ ಕಳೆದ ಮೇಲೆ, 1961ರ ಜನವರಿಯಲ್ಲಿ, ಉಣ್ಣೆ ಹುಳದಿಂದ ಹರಡುವ ಜ್ವರ ಬಂದು ಎಲ್ಸಾ ತೀರಿಕೊಂಡಳು. ನಮ್ಮ ಹಟ್ಟಿಯ ದನಗಳಿಗೆ ಉಣ್ಣೆ ಕಚ್ಚಿ ಜ್ವರ ಬರುತ್ತದಲ್ಲ, ಅದೇ ಜಾತಿಯದ್ದು. ಅಂದರೆ ನೀವು ಇವತ್ತು ನೋಡಿದ ಸಿನಿಮಾ ತಯಾರಾಗುವ ಹೊತ್ತಿಗೆ ನಿಜವಾದ ಎಲ್ಸಾ ಇರಲಿಲ್ಲ.

ಹಾಗಾದರೆ ಪರದೆ ಮೇಲೆ ಕಂಡವಳು ಯಾರು? ಇಲ್ಲಿಗೆ ಹುಡುಗಿಯ ಪ್ರಶ್ನೆ ಬಂತು.

ಅವಳು ಒಬ್ಬಳಲ್ಲ. ಎಲ್ಸಾ ಆಗಿ ನಟಿಸಲು ಹಲವು ಸಿಂಹಗಳನ್ನು ತಂದಿದ್ದರು. ಮರಿಯಾಗಿದ್ದಾಗ ಒಂದು, ಬೆಳೆದ ಮೇಲೆ ಇನ್ನೊಂದು, ಆಟಕ್ಕೆ ಒಂದು, ಮುಖ ಹತ್ತಿರದಿಂದ ತೋರಿಸಲು ಮತ್ತೊಂದು. ಅವುಗಳಲ್ಲಿ ಎರಡರ ಹೆಸರು ಬಾಯ್ ಮತ್ತು ಗರ್ಲ್. ಕೀನ್ಯಾದಲ್ಲಿದ್ದ ಬ್ರಿಟಿಷ್ ಸೇನೆಯ ಒಂದು ತುಕಡಿ ಅವನ್ನು ತಮ್ಮ ಲಾಂಛನದ ಪ್ರಾಣಿಗಳು ಅಂತ ಸಾಕಿಕೊಂಡಿತ್ತು. ಜಾರ್ಜ್ ಮತ್ತು ಜಾಯ್ ಪಾತ್ರ ಮಾಡಿದವರು ಬಿಲ್ ಟ್ರಾವರ್ಸ್ ಮತ್ತು ವರ್ಜೀನಿಯಾ ಮೆಕೆನಾ. ಅವರು ನಿಜ ಜೀವನದಲ್ಲೂ ಗಂಡ ಹೆಂಡತಿ. ತಿಂಗಳುಗಟ್ಟಲೆ ಅವರು ಈ ಸಿಂಹಗಳ ಜೊತೆ ನಡೆದರು, ಆಡಿದರು. ನಿಜವಾದ ಜಾರ್ಜ್ ಆಡಮ್ಸನ್ ಅವರೇ ಜೊತೆಗಿದ್ದು ಹೇಳಿಕೊಟ್ಟರು.

ಒಂದು ಸಿಂಹಕ್ಕೆ ಸ್ವಾತಂತ್ರ್ಯ ಕೊಡಿಸಿದ ಕಥೆಯನ್ನು ಸಿನಿಮಾ ಮಾಡಿದರು. ಶೂಟಿಂಗ್ ಮುಗಿಯಿತು. ಆ ಕಥೆಯಲ್ಲಿ ನಟಿಸಿದ ಸಿಂಹಗಳಲ್ಲಿ ಹೆಚ್ಚಿನವನ್ನು ಮೃಗಾಲಯಗಳಿಗೆ ಕಳಿಸಿಬಿಟ್ಟರು.

ನೋಡಿ, ಈಗ ನಿಮ್ಮ ಮುಖ ಹೇಗಾಯಿತೋ, ಮೊದಲ ಸಲ ಇದು ಗೊತ್ತಾದಾಗ ನನ್ನ ಮುಖವೂ ಹಾಗೇ ಆಗಿತ್ತು. ಆ ನಟ ನಟಿಗೂ ಜಾರ್ಜ್ ಅವರಿಗೂ ಇದನ್ನು ತಡೆಯಲು ಆಗಲಿಲ್ಲ. ಎಲ್ಲವನ್ನೂ ಕಾಡಿಗೆ ಬಿಡಬೇಕು ಅಂತ ಕೇಳಿಕೊಂಡರು. ಸಿಕ್ಕಿದ್ದು ಮೂರು ಮಾತ್ರ. ಬಾಯ್, ಗರ್ಲ್, ಮತ್ತೆ ಉಗಾಸ್ ಅನ್ನುವ ಒಂದು ಗಂಡು. ಜಾರ್ಜ್ ಆ ಮೂರನ್ನೂ ಮೇರು ಅನ್ನುವ ಕಾಡಿಗೆ ಕರೆದುಕೊಂಡು ಹೋಗಿ, ಎಲ್ಸಾಗೆ ಕಲಿಸಿದ ಹಾಗೇ ಮತ್ತೆ ಮೊದಲಿಂದ ಕಲಿಸಿದರು.

ಇಲ್ಲಿಗೆ ಕಥೆ ಚೆನ್ನಾಗಿ ಮುಗಿಯಿತು ಅಂತ ನಿಲ್ಲಿಸಬಹುದಿತ್ತು. ಆದರೆ ಆ ಹುಡುಗ ನನ್ನನ್ನೇ ನೋಡುತ್ತಿದ್ದಾನೆ, ಪೂರ್ತಿ ಹೇಳುತ್ತೇನೆ. 1971ರಲ್ಲಿ ಬಾಯ್ ಅನ್ನುವ ಆ ಸಿಂಹ ಜಾರ್ಜ್ ಅವರ ಹತ್ತಿರ ಕೆಲಸಕ್ಕಿದ್ದ ಒಬ್ಬ ಮನುಷ್ಯನನ್ನು ಕೊಂದಿತು. ಜಾರ್ಜ್ ತಮ್ಮ ಕೈಯಾರೆ ಬಾಯ್‌ಗೆ ಗುಂಡು ಹೊಡೆದರು. ಮನುಷ್ಯರ ಕೈಯಲ್ಲಿ ಬೆಳೆದ ಸಿಂಹಕ್ಕೆ ಮನುಷ್ಯರ ಹೆದರಿಕೆ ಇರುವುದಿಲ್ಲ. ಹೆದರಿಕೆ ಅನ್ನುವುದು ಕಾಡುಪ್ರಾಣಿಗೆ ಒಂದು ಆಸ್ತಿ. ನಾವು ಮುದ್ದು ಮಾಡಿ ಅದನ್ನು ಕಿತ್ತುಕೊಂಡುಬಿಡುತ್ತೇವೆ. ಆಮೇಲೆ ಪ್ರಾಣಿಯೂ ಉಳಿಯುವುದಿಲ್ಲ, ಹತ್ತಿರ ಇದ್ದ ಬಡಪಾಯಿಯೂ ಉಳಿಯುವುದಿಲ್ಲ.

‘ಬಾರ್ನ್ ಫ್ರೀ’ಯಲ್ಲಿ ನಟಿಸಿದ ಗಂಡ ಹೆಂಡತಿ, ಬಿಲ್ ಮತ್ತು ವರ್ಜೀನಿಯಾ, ಅದು ಬಂದ ಕೆಲವು ವರ್ಷದ ಮೇಲೆ ಇನ್ನೊಂದು ಸಿನಿಮಾ ಮಾಡಿದರು, ಆನೆಗಳ ಬಗ್ಗೆ. ಅದರಲ್ಲಿ ಒಂದು ಹೆಣ್ಣು ಮರಿ ಇತ್ತು. ಪೋಲೆ ಪೋಲೆ ಅಂತ ಹೆಸರು. ಸ್ವಾಹಿಲಿ ಭಾಷೆಯಲ್ಲಿ ಮೆಲ್ಲ ಮೆಲ್ಲಗೆ ಅಂತ ಅರ್ಥ. ಲಂಡನ್ ಮೃಗಾಲಯಕ್ಕೆ ಉಡುಗೊರೆ ಕೊಡಲು ಅಂತ ಅದನ್ನು ಕಾಡಿನಿಂದ ಹಿಡಿದಿದ್ದರು. ಮರಿ ಇವರಿಬ್ಬರನ್ನು ಬಿಟ್ಟಿರಲಾರದಷ್ಟು ಹಚ್ಚಿಕೊಂಡಿತು. ನಾವೇ ದುಡ್ಡು ಕೊಟ್ಟು ತಗೊಳ್ಳುತ್ತೇವೆ, ಕಳಿಸಬೇಡಿ ಅಂತ ಇವರು ಕೇಳಿದರು. ಸರಿ, ಆದರೆ ಇದರ ಬದಲಿಗೆ ಕಾಡಿನಿಂದ ಇನ್ನೊಂದು ಮರಿ ಹಿಡಿಯಬೇಕಾಗುತ್ತದೆ ಅಂತ ಉತ್ತರ ಬಂತು. ಇನ್ನೊಂದು ತಾಯಿಯಿಂದ ಇನ್ನೊಂದು ಮರಿ. ಇವರಿಗೆ ಅದಕ್ಕೆ ಮನಸ್ಸು ಬರಲಿಲ್ಲ. ಪೋಲೆ ಪೋಲೆ ಲಂಡನ್ನಿಗೆ ಹೋಯಿತು.

ಎಷ್ಟೋ ವರ್ಷದ ಮೇಲೆ ಅವರು ಅಲ್ಲಿಗೆ ಹೋಗಿ ಹೆಸರು ಹಿಡಿದು ಕರೆದಾಗ ಅದು ಹತ್ತಿರ ಬಂದು ಸೊಂಡಿಲು ಚಾಚಿತಂತೆ. 1983ರಲ್ಲಿ ಅದು ಸತ್ತಿತು. ಇನ್ನೂ ಹದಿನಾರೋ ಹದಿನೇಳೋ ವರ್ಷ. ನಮ್ಮ ದುಬಾರೆ ಆನೆ ಶಿಬಿರದಲ್ಲಿ ಆ ವಯಸ್ಸಿನ ಆನೆಯನ್ನು ಹುಡುಗಿ ಅಂತಾರೆ. ಮಾರನೇ ವರ್ಷ, 1984ರಲ್ಲಿ, ಈ ಗಂಡ ಹೆಂಡತಿ ಮೃಗಾಲಯಗಳ ಮೇಲೆ ಕಣ್ಣಿಡುವ ಒಂದು ಸಂಸ್ಥೆ ಶುರು ಮಾಡಿದರು. ಅದೇ ಮುಂದೆ ‘ಬಾರ್ನ್ ಫ್ರೀ ಫೌಂಡೇಶನ್’ ಆಯಿತು. ಹೆಸರು ಬಂದದ್ದು ಸಿನಿಮಾದಿಂದ, ಕೆಲಸ ಹುಟ್ಟಿದ್ದು ಆ ಆನೆ ಮರಿಯ ಸಾವಿನಿಂದ.

‘ಟೀಚರ್, ಇದೆಲ್ಲ ಬೇರೆ ದೇಶದ ಕಥೆ’ ಅನ್ನಬೇಡಿ. ಆನೆಯ ಸಿನಿಮಾ ನಮ್ಮ ಪಕ್ಕದ ಮನೆಯಲ್ಲೇ ಆಗಿದೆ. ನಾಗರಹೊಳೆ ದಾಟಿದರೆ ಕಾಕನಕೋಟೆ, ಕಾರಾಪುರ. 1937ರಲ್ಲಿ ‘ಎಲಿಫೆಂಟ್ ಬಾಯ್’ ಅನ್ನುವ ಇಂಗ್ಲಿಷ್ ಸಿನಿಮಾ ಬಂತು. ಅದರ ಹೀರೋ ಕಾರಾಪುರದ ಮಾವುತನ ಮಗ ಸಾಬು. ಅವನ ಜೊತೆ ನಟಿಸಿದ್ದು ಮೈಸೂರು ಅರಮನೆಯ ಐರಾವತ ಅನ್ನುವ ಆನೆ. ಸಾಬು ಮುಂದೆ ಹಾಲಿವುಡ್ಡಿಗೆ ಹೋದ. ಆ ಕಾಡುಗಳಲ್ಲಿ ಆಗ ಖೆಡ್ಡಾ ನಡೆಯುತ್ತಿತ್ತು. ಆನೆಗಳ ಇಡೀ ಹಿಂಡನ್ನು ತಮಟೆ, ಬೆಂಕಿ ಹಿಡಿದು ಓಡಿಸಿ, ಹೊಳೆ ದಾಟಿಸಿ, ದಿಮ್ಮಿಗಳ ದೊಡ್ಡಿಗೆ ನುಗ್ಗಿಸುವುದು. ದೊಡ್ಡ ದೊಡ್ಡ ಅತಿಥಿಗಳನ್ನು ಕರೆದು ಕುರ್ಚಿ ಹಾಕಿ ತೋರಿಸುತ್ತಿದ್ದರು. ಕೊನೆಯ ಖೆಡ್ಡಾ 1971ರಲ್ಲಿ. ಮರುವರ್ಷವೇ ವನ್ಯಜೀವಿ ರಕ್ಷಣಾ ಕಾಯ್ದೆ ಬಂತು. ಅದರ ಮರುವರ್ಷ, 1973ರಲ್ಲಿ, ‘ಗಂಧದ ಗುಡಿ’. ಅದನ್ನು ತೆಗೆದ ಎಂ.ಪಿ. ಶಂಕರ್ ಮೈಸೂರಿನ ಪೈಲ್ವಾನರು. ಕಾಡು ಉಳಿಸುವವನೇ ಹೀರೋ ಅಂತ ನಮ್ಮ ಅಪ್ಪ ಅಮ್ಮಂದಿರಿಗೆ ಮೊದಲು ತೋರಿಸಿದ್ದು ಆ ಸಿನಿಮಾ. ಅದರ ಹಾಡು ನಿಮಗೆಲ್ಲ ಬರುತ್ತದೆ, ಹಾಗಾಗಿ ಅದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ.

ಈಗ ಕಾನೂನು ಗಟ್ಟಿಯಾಗಿದೆ. ಹುಲಿ, ಸಿಂಹ, ಚಿರತೆ, ಕರಡಿ, ಕೋತಿ ಇವನ್ನು ಪಳಗಿಸಿ ಆಟ ಆಡಿಸುವ ಹಾಗಿಲ್ಲ. ಬೇರೆ ಪ್ರಾಣಿ ಸಿನಿಮಾದಲ್ಲಿ ಬರಬೇಕಾದರೂ 2001ರ ನಿಯಮದ ಪ್ರಕಾರ ಮೊದಲೇ ಅನುಮತಿ ತಗೊಳ್ಳಬೇಕು. ಈಚಿನ ಸಿನಿಮಾಗಳಲ್ಲಿ ಹುಲಿ ಸಿಂಹವನ್ನು ಕಂಪ್ಯೂಟರಿನಲ್ಲೇ ಮಾಡುತ್ತಾರೆ. ಅದು ನಿಜವಾದ ಹುಲಿ ಅಲ್ಲ, ಮಜಾ ಇಲ್ಲ ಅಂತ ಕೆಲವರು ಹೇಳುತ್ತಾರೆ. ನನಗೆ ಅದೇ ಸಮಾಧಾನ. ಶೂಟಿಂಗ್ ಮುಗಿದ ಮೇಲೆ ಅದನ್ನು ಎಲ್ಲಿಗೂ ಕಳಿಸಬೇಕಾಗಿಲ್ಲ.

ಈಗ ನಮ್ಮ ಎಲ್ಸಾ ವಿಷಯಕ್ಕೆ ಬರುತ್ತೇನೆ. ನಮಗೂ ಒಬ್ಬ ಎಲ್ಸಾ ಇದ್ದಾನೆ. ಗೊತ್ತಾ?

ಕುಶ. ದುಬಾರೆ ಶಿಬಿರದ ಆನೆ. ಇಲ್ಲಿಂದ ಅಷ್ಟೇನೂ ದೂರವಿಲ್ಲ. ನಿಮ್ಮಲ್ಲಿ ಕೆಲವರು ಅವನು ಹೊಳೆಯಲ್ಲಿ ಮೀಯುವುದನ್ನು ನೋಡಿರಬಹುದು. ಒಂದು ಸಲ ಕುಶ ಶಿಬಿರ ಬಿಟ್ಟು ಕಾಡಾನೆಗಳ ಹಿಂದೆ ಹೋದ. ಮಾವುತರು ಹುಡುಕಿದರು, ಸಿಗಲಿಲ್ಲ. ವರ್ಷಗಟ್ಟಲೆ ಅವನು ಕಾಡಿನಲ್ಲಿದ್ದ. ಅವನಿಗೆ ಯಾರೂ ಕಲಿಸಲಿಲ್ಲ. ರಾಗಿ ಮುದ್ದೆ, ಬೆಲ್ಲ, ಹುಲ್ಲು ಕೈಯಿಂದ ತಿಂದು ರೂಢಿಯಾದವನು ತಾನೇ ಬಿದಿರು ಹುಡುಕಿಕೊಂಡ, ತಾನೇ ನೀರು ಹುಡುಕಿಕೊಂಡ, ಹಿಂಡಿನವರ ಜೊತೆ ಹೇಗಿರಬೇಕು ಅಂತ ಕಲಿತ. 2021ರ ಮಾರ್ಚಿನಲ್ಲಿ ಅವನನ್ನು ಹಿಡಿದು ಮತ್ತೆ ಶಿಬಿರಕ್ಕೆ ತಂದರು. ಕ್ರಾಲ್ ಅನ್ನುವ ದಿಮ್ಮಿಗಳ ದೊಡ್ಡಿಯೊಳಗೆ, ಕಾಲಿಗೆ ಸರಪಳಿ. ಮತ್ತೆ ಪಳಗಿಸಬೇಕಾಗಿತ್ತು.

ಆ ಫೋಟೋ ಎಲ್ಲರ ಮೊಬೈಲಿಗೂ ಬಂತು. ನಾನು ಅದನ್ನು ನೋಡಿ ರಾತ್ರಿ ಊಟ ಮಾಡಲಿಲ್ಲ. ಜನ ಬರೆದರು, ಕೇಳಿದರು, ಬೇಡಿಕೊಂಡರು. ಕೊನೆಗೆ ಅವನನ್ನು ಬಿಡಬೇಕು ಅಂತ ಅರಣ್ಯ ಮಂತ್ರಿಗಳು ಹೇಳಿದರು. ಆ ವರ್ಷದ ಜೂನಿನಲ್ಲಿ ಕೊರಳಿಗೆ ರೇಡಿಯೋ ಕಾಲರ್ ಹಾಕಿ ಬಂಡೀಪುರದ ಕಾಡಿಗೆ ಬಿಟ್ಟರು.

ಕುಶನನ್ನು ಸಾಕಿದ ಮಾವುತರ ಮೇಲೆ ಆಗ ಕೆಲವರು ಕೆಟ್ಟದಾಗಿ ಮಾತಾಡಿದರು. ಅದು ನನಗೆ ಸರಿ ಕಾಣಲಿಲ್ಲ, ಇವತ್ತಿಗೂ ಕಾಣುವುದಿಲ್ಲ. ಜೇನು ಕುರುಬರ ಮಾವುತರು, ಅವರ ಸಹಾಯಕ ಕಾವಾಡಿಗಳು ಆನೆಯ ಜೊತೆ ಹೇಗಿರುತ್ತಾರೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಮನೆ ಮಕ್ಕಳು ಉಂಡರೋ ಇಲ್ಲವೋ, ಆನೆಗೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳುತ್ತದೆ. ಆನೆಗೆ ಮದ ಬಂದಾಗ ಹತ್ತಿರ ಹೋಗುವುದೂ ಅವರೇ, ಪೆಟ್ಟು ತಿನ್ನುವುದೂ ಅವರೇ. ಆನೆ ಹಿಡಿ ಅಂತ ಹೇಳಿದವರು ಬೇರೆ, ಸರಪಳಿ ಹಾಕಿದ ಕೈ ಬೇರೆ. ನಾವು ಬೈಯುವಾಗ ಯಾವಾಗಲೂ ಕೈ ಕಾಣುತ್ತದೆ, ಹೇಳಿದವರು ಕಾಣುವುದಿಲ್ಲ.

ಅರ್ಜುನನ ನೆನಪಿದೆಯಾ? ಇಲ್ಲಿ ಎಲ್ಲರೂ ಕೈ ಎತ್ತಿದಿರಿ. ಎಂಟು ಸಲ 750 ಕೆ.ಜಿ. ಚಿನ್ನದ ಅಂಬಾರಿ ಹೊತ್ತವನು. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ಕಡೆ ಒಂದು ಕಾಡಾನೆ ಹಿಡಿಯಲು ಹೋಗಿ, ಆ ಕಾಡಾನೆಯ ಜೊತೆ ಕಾದಾಡಿ ಸತ್ತ. ಊರಿಗೆ ಊರೇ ಅತ್ತಿತು. ಮಾವುತ ಅವನ ಮೇಲೆ ಬಿದ್ದು ಗೋಳಾಡಿದ್ದನ್ನು ಟಿವಿಯಲ್ಲಿ ನೋಡಿದವರು ಮರೆಯಲಾರರು. ನಾನು ಆಗ ಶಾಲೆಗೆ ಹೋದಾಗ ಒಬ್ಬ ಹುಡುಗ, ‘ಆ ಕೆಟ್ಟ ಆನೆಯನ್ನ ಕೊಲ್ಲಬೇಕು’ ಅಂದ. ನಾನು ಅವನಿಗೆ ಒಂದು ವಿಷಯ ಹೇಳಿದೆ. ಅರ್ಜುನನೂ ಕಾಡಾನೆಯೇ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಅವನನ್ನು ಹಿಡಿದಿದ್ದರು. ಅವತ್ತು ಅವನಿಗೂ ಹೆಸರಿರಲಿಲ್ಲ. ಆ ದಿನ ತಪ್ಪಿಸಿಕೊಂಡಿದ್ದರೆ ಅವನೂ ಯಾವುದೋ ತೋಟದಲ್ಲಿ ಹಲಸು ಕೀಳುತ್ತಾ, ಯಾರದೋ ಬೈಗಳು ತಿನ್ನುತ್ತಾ ಇರುತ್ತಿದ್ದ.

ಆ ಹುಡುಗ ಯೋಚನೆ ಮಾಡಿದ. ದೊಡ್ಡವರಿಗಿಂತ ಬೇಗ ಯೋಚನೆ ಮಾಡಿದ.

ನಮ್ಮ ರಾಜ್ಯದಲ್ಲಿ 2023ರ ಗಣತಿಯ ಪ್ರಕಾರ 6,395 ಕಾಡಾನೆಗಳಿದ್ದವು. ಹೆಸರಿರುವುದು ಶಿಬಿರದ ಆನೆಗಳಿಗೆ, ಮತ್ತೆ ತೊಂದರೆ ಕೊಟ್ಟು ಕುಖ್ಯಾತವಾದ ಕೆಲವಕ್ಕೆ. ಉಳಿದವು ಬರೀ ಆನೆ. 2018ರ ಡಿಸೆಂಬರಿನಲ್ಲಿ ವೀರನಹೊಸಹಳ್ಳಿ ಹತ್ತಿರ ಒಂದು ಗಂಡಾನೆ ಕಾಡಿಗೆ ವಾಪಸ್ ಹೋಗಲು ಆನೆ ತಡೆಯಲು ರೈಲು ಹಳಿಗಳಿಂದ ಮಾಡಿದ ಬೇಲಿ ಹತ್ತಿ, ಆಚೆ ಇಳಿಯಲಾಗದೆ ಅದರ ಮೇಲೇ ಸಿಕ್ಕಿ ಸತ್ತಿತು. ಅದಕ್ಕೆ ಯಾವ ಹೆಸರಿತ್ತು? ಎಲ್ಸಾಗೆ ಹೆಸರಿತ್ತು, ಅದಕ್ಕೆ ಅತ್ತೆವು. ಹೊಳೆ ಹತ್ತಿರದ ಹೆಂಗಸಿಗೆ ಹೆಸರಿರಲಿಲ್ಲ, ಅವಳನ್ನು ಮರೆತೆವು. ಹುಡುಗ ಕೇಳಿದ ಪ್ರಶ್ನೆಯೂ ಹುಡುಗಿ ಕೇಳಿದ ಪ್ರಶ್ನೆಯೂ ನನಗೆ ಒಂದೇ ಅನಿಸುವುದು ಇದಕ್ಕೇ. ಕಥೆ ಯಾರನ್ನು ದಾರಿಯಲ್ಲಿ ಬಿಟ್ಟು ಮುಂದೆ ಹೋಯಿತು ಅಂತ ಇಬ್ಬರೂ ಕೇಳುತ್ತಿದ್ದಾರೆ.

ಕೊಡವ ಮನೆಗಳ ಹಿರಿಯರಿಗೆ ನರಿ ಮಂಗಲ ಗೊತ್ತಿರುತ್ತದೆ. ಕೊಡವ ಮಾತಿನಲ್ಲಿ ನರಿ ಅಂದರೆ ಹುಲಿ. ಹಿಂದೆ ಹುಲಿ ಕೊಂದವನನ್ನು ಮದುಮಗನ ಹಾಗೆ ಕೂರಿಸಿ, ಆ ಹುಲಿಯ ಜೊತೆಗೇ ಅವನಿಗೆ ಮದುವೆಯ ಶಾಸ್ತ್ರ ಮಾಡುತ್ತಿದ್ದರು. ಬೇಟೆಯ ಕಾಲ ಹೋಯಿತು, ಹೋಗಿದ್ದೇ ಒಳ್ಳೆಯದು. ಆದರೂ ಆ ಶಾಸ್ತ್ರ ನನ್ನನ್ನು ಕಾಡುತ್ತದೆ. ಕೊಂದವನು ಸುಮ್ಮನೆ ಎದ್ದು ಮನೆಗೆ ಹೋಗುವ ಹಾಗಿರಲಿಲ್ಲ. ಆ ಪ್ರಾಣಿಯ ಜೊತೆ ಜೀವಮಾನದ ನಂಟು ಅಂಟುತ್ತಿತ್ತು.

ಈಗ ನನ್ನದೇ ಒಂದು ವಿಷಯ. ಇದನ್ನು ಇದುವರೆಗೆ ಯಾವ ಸಭೆಯಲ್ಲೂ ಹೇಳಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತು. ಶಾಲೆ ಪಕ್ಕದ ತೋಟದ ಕೆರೆಗೆ ರಾತ್ರಿ ಆನೆ ಮರಿ ಬಿದ್ದಿತ್ತು. ಏರಿ ಜಾರುತ್ತದೆ, ಹತ್ತಲು ಆಗುತ್ತಿಲ್ಲ. ಸುದ್ದಿ ಬಂದದ್ದೇ ನಾನು ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋದೆ. ಪುಸ್ತಕದಲ್ಲಿ ನೋಡುವುದಕ್ಕಿಂತ ಒಳ್ಳೆಯದು ಅಂತ ನನ್ನ ಯೋಚನೆ. ಅಲ್ಲಿ ಆಗಲೇ ಇನ್ನೂರು ಜನ. ಶಿಳ್ಳೆ, ಕೂಗು. ಮರಿ ಪ್ರತಿ ಸಲ ಏರಿ ಹತ್ತಿರ ಬಂದಾಗಲೂ ಜನ ಹೋ ಅಂತ ಕೂಗುತ್ತಿದ್ದರು, ಅದು ಬೆದರಿ ಮತ್ತೆ ನೀರಿಗೆ ಜಾರುತ್ತಿತ್ತು. ನನ್ನ ಮಕ್ಕಳೂ ಕೂಗಿದರು. ನಾನು ತಡೆಯಲಿಲ್ಲ. ತಾಯಿ ಆನೆ ತೋಟದ ಒಳಗೆ ಎಲ್ಲೋ ನಿಂತು ಕೂಗುತ್ತಿತ್ತು, ಅದು ನಮಗೆ ಕೇಳುತ್ತಿತ್ತು. ಒಬ್ಬ ಕಲ್ಲೆಸೆದ. ಮರಿಯ ಹಣೆಗೆ ಬಿತ್ತು.

ಆಗ ತೋಟದ ಒಬ್ಬ ವಯಸ್ಸಾದ ಯರವರ ಅಜ್ಜ ನನ್ನ ಹತ್ತಿರ ಬಂದು ಮೆಲ್ಲಗೆ, ‘ಟೀಚರಮ್ಮ, ಮಕ್ಕಳನ್ನ ಕರ್ಕೊಂಡು ಹೋಗಿ. ಜನ ಹೋದ್ರೆ ತಾಯಿ ಬರ್ತದೆ’ ಅಂದರು. ಅಷ್ಟೇ. ಅರ್ಧ ದಿನ ಯಾರಿಗೂ ಹೊಳೆಯದ್ದು ಅವರಿಗೆ ಗೊತ್ತಿತ್ತು. ಸಂಜೆ ಇಲಾಖೆಯವರು ಬಂದು ಜನರನ್ನು ಕಳಿಸಿ ಏರಿಯ ಒಂದು ಕಡೆ ಅಗೆದು ಇಳಿಜಾರು ಮಾಡಿದರಂತೆ. ರಾತ್ರಿ ತಾಯಿ ಬಂದು ಕರೆದುಕೊಂಡು ಹೋಯಿತಂತೆ. ಮಾರನೇ ದಿನ ನಾನು ಹೋಗಿ ನೋಡಿದೆ. ಕೆಸರಿನಲ್ಲಿ ದೊಡ್ಡ ಹೆಜ್ಜೆ, ಪಕ್ಕದಲ್ಲಿ ಚಿಕ್ಕ ಹೆಜ್ಜೆ. ಆ ಕಲ್ಲು ನಾನು ಎಸೆದದ್ದಲ್ಲ. ಆದರೆ ಮೂವತ್ತು ಮಕ್ಕಳನ್ನು ಅಲ್ಲಿ ನಿಲ್ಲಿಸಿದವಳು ನಾನೇ.

ಈಗ ಅದೇ ಜಾಗದಲ್ಲಿ ಮೊಬೈಲ್ ಇರುತ್ತದೆ. ಆನೆ ರಸ್ತೆ ದಾಟುವಾಗ ಗಾಡಿ ನಿಲ್ಲಿಸಿ ಇಳಿದು ವಿಡಿಯೋ ಮಾಡುತ್ತಾರೆ. ಹಾರ್ನ್ ಹೊಡೆಯುತ್ತಾರೆ. ಬಿಸ್ಕೆಟ್, ಬಾಳೆಹಣ್ಣು ಎಸೆಯುತ್ತಾರೆ. ಅವರು ಫೋಟೋ ತಗೊಂಡು ಊರಿಗೆ ಹೋಗುತ್ತಾರೆ. ಕೆರಳಿದ ಆನೆ ಮಾತ್ರ ಇಲ್ಲೇ ಇರುತ್ತದೆ. ಮಾರನೇ ಬೆಳಿಗ್ಗೆ ಅದರ ಎದುರಿಗೆ ಸಿಗುವವರು ಯಾರು? ಕೆಲಸಕ್ಕೆ ನಡೆದು ಹೋಗುವ ನಿಮ್ಮ ಅಮ್ಮ. ಅದಕ್ಕೇ ನಾನು ಹೇಳುವುದು, ಆನೆಗೆ ಮಾಡಿದ ಕೇಡು ಮತ್ತು ಕೂಲಿಯವರಿಗೆ ಮಾಡಿದ ಕೇಡು ಈ ಜಿಲ್ಲೆಯಲ್ಲಿ ಬೇರೆ ಬೇರೆ ಅಲ್ಲ.

ಆನೆಗಳು ತೋಟಕ್ಕೆ ಯಾಕೆ ಬರುತ್ತವೆ ಅಂತ ಒಬ್ಬರು ತಂದೆ ಕೇಳಿದರು. ಕಾಡಿನೊಳಗೆ ತೇಗದ ತೋಪು ಇದೆ, ತೇಗದಲ್ಲಿ ಅವಕ್ಕೆ ತಿನ್ನಲು ಜಾಸ್ತಿ ಏನಿಲ್ಲ. ಲಂಟಾನ ಹಬ್ಬಿ ಹುಲ್ಲು ಬರದ ಹಾಗಾಗಿದೆ. ಬಿದಿರು ಹೂಬಿಟ್ಟು ಒಣಗಿಹೋಯಿತು. ತೋಟದಲ್ಲಿ ನೆರಳು, ಬೇಸಿಗೆಯಲ್ಲೂ ಕೆರೆ ನೀರು, ಹಲಸು, ಬಾಳೆ, ಪಕ್ಕದಲ್ಲಿ ಭತ್ತದ ಗದ್ದೆ. ಈಗ ಅವು ಕಾಫಿ ಹಣ್ಣೂ ತಿನ್ನುತ್ತವೆ, ಲದ್ದಿಯಲ್ಲಿ ಬೀಜ ನೀವೇ ನೋಡಿದ್ದೀರಿ. ಎಷ್ಟೋ ಮರಿಗಳು ಹುಟ್ಟಿದ್ದೇ ತೋಟದಲ್ಲಿ. ಅವಕ್ಕೆ ಇದೇ ಕಾಡು. ಪಟಾಕಿ ಹೊಡೆದು ಕಾಡಿಗೆ ಹೋಗಿ ಅಂದರೆ ಅವು ಎಲ್ಲಿಗೆ ಹೋಗಬೇಕು?

ನನ್ನ ಹತ್ತಿರ ಇದಕ್ಕೆ ದೊಡ್ಡ ಪರಿಹಾರ ಇಲ್ಲ. ಕಂದಕ, ಸೋಲಾರ್ ಬೇಲಿ, ರೈಲು ಹಳಿ, ಒಂದೊಂದು ಕಡೆ ಒಂದೊಂದು ನಡೆಯುತ್ತದೆ. ಆದರೆ ತೋಟದ ಯಜಮಾನರು ಇಲ್ಲಿ ಕೆಲವರು ಬಂದಿದ್ದೀರಿ, ನಿಮ್ಮಲ್ಲಿ ಒಂದು ಬೇಡಿಕೆ ಇಡುತ್ತೇನೆ. ಮಂಜು ಕರಗುವ ಮೊದಲು ಯಾರನ್ನೂ ಕೆಲಸಕ್ಕೆ ಕರೆಯಬೇಡಿ. ಆನೆ ಇದೆ ಅಂತ ಗೊತ್ತಿದ್ದ ದಿನ ಲೈನ್ ಮನೆಯಿಂದ ತೋಟಕ್ಕೆ ಜೀಪು ಕಳಿಸಿ. ಆನೆ ಎಲ್ಲಿದೆ ಅಂತ ಇಲಾಖೆಯವರು ಮೆಸೇಜು ಕಳಿಸುತ್ತಾರೆ. ಅದು ಯಜಮಾನರ ಮೊಬೈಲಿಗೆ ಬಂದು ಅಲ್ಲೇ ನಿಂತರೆ ಏನು ಪ್ರಯೋಜನ? ಮೇಸ್ತ್ರಿಗೆ, ಮೇಸ್ತ್ರಿಯಿಂದ ಪ್ರತಿ ಲೈನ್ ಮನೆಗೆ ಮುಟ್ಟಬೇಕು. ಮೊಬೈಲ್ ಇಲ್ಲದ ಮನೆಗೆ ಹೋಗಿ ಬಾಯಲ್ಲಿ ಹೇಳಬೇಕು. ಮಕ್ಕಳೇ, ಈ ಕೆಲಸ ನಿಮ್ಮಿಂದಲೂ ಆಗುತ್ತದೆ.

ಅಪ್ಪ ಅಮ್ಮಂದಿರೇ, ಮಕ್ಕಳ ಜೊತೆ ಪ್ರಾಣಿಗಳ ಸಿನಿಮಾ ನೋಡಿ. ಧಾರಾಳವಾಗಿ ನೋಡಿ. ಮಗು ಅತ್ತರೆ ಅಳಲಿ, ಸಿನಿಮಾ ಮಾತ್ರ ಅಂತ ಸಮಾಧಾನ ಮಾಡಬೇಡಿ. ಮುಗಿದ ಮೇಲೆ ಟಿವಿ ಆರಿಸಿ ಈ ಎರಡು ಪ್ರಶ್ನೆ ಕೇಳಿಕೊಳ್ಳಿ. ಆ ಪ್ರಾಣಿ ಆಮೇಲೆ ಎಲ್ಲಿಗೆ ಹೋಯಿತು? ಇದರಲ್ಲಿ ಹೆಸರಿಲ್ಲದೆ ಸತ್ತವರು ಯಾರು?

ಇಷ್ಟು ಹೇಳಿ ಕೂರಬೇಕು ಅನ್ನುವಷ್ಟರಲ್ಲಿ ಹಿಂದೆ ಕೂತ ಒಬ್ಬರ ಮೊಬೈಲಿಗೆ ಮೆಸೇಜು ಬಂತು. ಮಾಲ್ದಾರೆ ರಸ್ತೆಯಲ್ಲಿ ಆನೆಗಳಿವೆ ಅಂತ. ಹಾಲ್‌ನಲ್ಲಿದ್ದ ಅರ್ಧ ಜನ ಆ ಕಡೆಯವರೇ. ಯಾರೂ ಹೊರಡಲಿಲ್ಲ. ಜೀಪಿನವರು ಕೀಲಿ ಜೇಬಿಗೆ ಹಾಕಿಕೊಂಡು ಒಳಗೆ ಬಂದು ಕೂತರು. ಉಳಿದಿದ್ದ ಕಾಫಿ ಬಿಸಿ ಮಾಡಿ ಮತ್ತೊಂದು ಸುತ್ತು ಕೊಟ್ಟರು. ಹುಡುಗಿ ಎಲ್ಸಾಳ ಮರಿಗಳನ್ನು ಇನ್ನೊಂದು ಸಲ ಹಾಕಿ ಟೀಚರ್ ಅಂದಳು, ಹಾಕಿದೆ. ಹುಡುಗ ಬಾಗಿಲಲ್ಲಿ ನಿಂತು ಮೊಬೈಲ್ ಇದ್ದವರನ್ನು ಆಗಾಗ ಕೇಳುತ್ತಿದ್ದ, ದಾಟಿದವಾ, ದಾಟಿದವಾ ಅಂತ.

ಮುಕ್ಕಾಲು ಗಂಟೆ ಆಗಿರಬೇಕು. ಮೂರು ದೊಡ್ಡವು, ಒಂದು ಮರಿ, ರಸ್ತೆ ದಾಟಿ ಕೆಳಗಿನ ತೋಟಕ್ಕೆ ಇಳಿದವು ಅಂತ ಇನ್ನೊಂದು ಮೆಸೇಜು ಬಂತು. ಹುಡುಗ ಒಳಗೆ ಬಂದು ತನ್ನ ಚಿಕ್ಕಮ್ಮನಿಗೆ ಹೇಳಿದ. ಆಮೇಲೆ ಜೀಪುಗಳು ಒಂದರ ಹಿಂದೆ ಒಂದು, ಹಾರ್ನ್ ಹೊಡೆಯದೆ, ಮೆಲ್ಲಗೆ ಹೊರಟವು.